ದೇವರ ಕಪಾಟಿನಲ್ಲಿದ್ದ ಬಿರಡೆ

ಅಕ್ಟೋಬರ್ ಕೊನೆಯಲ್ಲಿ ನಮ್ಮ ಬೀದಿಯ ಯಾರಾದರೂ ದೋಣಿ ತೊಳೆದರೆ ವಿನೆಗರ್ ವಾಸನೆ ಅಡುಗೆಮನೆಯವರೆಗೂ ಬರುತ್ತದೆ. ನಾನು ಕಿಟಕಿ ಮುಚ್ಚುತ್ತೇನೆ. ಮುಚ್ಚಿದ ಮೇಲೂ ಅದು ಇರುತ್ತದೆ. ಅದರ ಹಿಂದೆಯೇ ಲಿನ್‌ವುಡ್‌ನ ನಮ್ಮ ಹಳೆಯ ಮನೆಯ ಅಂಗಳ, ಒದ್ದೆ ಟಾರ್ಪಾಲು, ಅಪ್ಪಯ್ಯನ ಉಣ್ಣೆಯ ಟೋಪಿ ಒಂದೊಂದಾಗಿ ಬಂದು ನಿಲ್ಲುತ್ತವೆ. ಕಿಟಕಿ ಮುಚ್ಚಿದರೂ ಹೋಗದ ಇಂಥದೊಂದು ವಾಸನೆ ನಿಮಗೂ ಇರಬಹುದು.

ಅಪ್ಪಯ್ಯ ಗಂಗೊಳ್ಳಿಯವರು. ಅಲ್ಲಿ ದೋಣಿ ಇಟ್ಟುಕೊಂಡಿದ್ದ ಅವರ ಅಣ್ಣನೇ, ಅಂದರೆ ನನ್ನ ದೊಡ್ಡಪ್ಪನೇ, ಅವರಿಗೆ ಈಜು ಕಲಿಸಿ, ಕೈಗೆ ಹುಟ್ಟು ಕೊಟ್ಟವರು. ಇಲ್ಲಿ, ಈ ಪರದೇಶದಲ್ಲಿ, ಅಪ್ಪಯ್ಯ ಹದಿನಾಲ್ಕು ಅಡಿಯ ಹಳೆಯ ಫೈಬರ್ ದೋಣಿಯೊಂದನ್ನು ಕೊಂಡಿದ್ದರು. ಊರಿನಲ್ಲಿ ಮಳೆಗಾಲಕ್ಕೆ ದೋಣಿ ದಡ ಹತ್ತಿದರೆ ಇಲ್ಲಿ ಚಳಿಗಾಲಕ್ಕೆ. ಅದಕ್ಕೆಂದೇ ಇಟ್ಟ ಅಕ್ಟೋಬರ್‌ನ ಒಂದು ಭಾನುವಾರ ನಮ್ಮ ಮನೆಯಲ್ಲಿ ಹಬ್ಬದ ಹಾಗೆ ಗಡಿಬಿಡಿ ಇರುತ್ತಿತ್ತು. ಉಪ್ಪು ಹೋಗುವ ತನಕ ಸಿಹಿನೀರು ಹಾಯಿಸುವುದು, ಬೂಷ್ಟು ಹಿಡಿದ ಮೂಲೆಗಳನ್ನು ವಿನೆಗರ್ ಹಾಕಿ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜುವುದು, ಎಂಜಿನ್ನಿನ ನೀರು ಬಸಿಯುವುದು, ಕೂರುವ ಹಲಗೆಗೆ ಕೊಬ್ಬರಿ ಎಣ್ಣೆ ಸವರುವುದು. ಆಮೇಲೆ ಮೂತಿ ಮೇಲಾಗುವಂತೆ ದೋಣಿಯನ್ನು ಟ್ರೇಲರ್ ಮೇಲೆ ಓರೆಯಾಗಿ ನಿಲ್ಲಿಸಿ, ಹಿಂಭಾಗದ ತೂತಿನಿಂದ ಹಿತ್ತಾಳೆಯ ಬಿರಡೆ ಬಿಚ್ಚುತ್ತಿದ್ದರು. ಟಾರ್ಪಾಲಿನ ಸಂದಿಯಿಂದ ಇಳಿದ ಮಳೆನೀರು ಆ ತೂತಿನಿಂದ ತಾನೇ ಹರಿದುಹೋಗಬೇಕು. ಇಲ್ಲವಾದರೆ ನಿಂತು ಹೆಪ್ಪುಗಟ್ಟಿ ದೋಣಿ ಸೀಳುತ್ತದೆ.

ಬಿರಡೆ ಕಾಯುವ ಕೆಲಸ ನನ್ನದು. ಅದನ್ನು ತೊಳೆದು ಒರೆಸಿ ನನ್ನ ಅಂಗೈಯಲ್ಲಿಟ್ಟು, "ಹೆಣ್ಣೇ, ದೋಣಿಯ ಜೀವ ಇದು. ನಿಮ್ಮಮ್ಮನ ದೇವರ ಹತ್ರ ಇಡು, ಅಲ್ಲಾದ್ರೆ ಯಾರೂ ಕಳೀದಿಲ್ಲ" ಎನ್ನುತ್ತಿದ್ದರು. ಹಾಲ್‌ನಲ್ಲಿದ್ದ ಎರಡು ಬಾಗಿಲಿನ ಕಪಾಟೇ ನಮ್ಮ ದೇವರ ಮನೆ. ಮೈಸೂರಿನ ಅಮ್ಮ ಮೊದಮೊದಲು ಗೊಣಗಿದಳು. "ನಾಳೆ ಕಾರಿನ ಟೈರೂ ತಂದಿಡಿ." ಕೊನೆಕೊನೆಗೆ ಅವಳೇ ಅದಕ್ಕೂ ಕುಂಕುಮ ಇಡುತ್ತಿದ್ದಳು.

ನನಗೆ ಹನ್ನೊಂದು ವರ್ಷವಾಗಿದ್ದಾಗ, ಜನವರಿಯಲ್ಲಿ, ದೊಡ್ಡಪ್ಪ ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂತು. ಅಪ್ಪಯ್ಯನ ಪಾಸ್‌ಪೋರ್ಟ್ ನವೀಕರಣಕ್ಕೆ ಹೋಗಿತ್ತು, ಹೊರಡುವ ಹಾಗಿರಲಿಲ್ಲ. ಸೂತಕವೆಂದು ಅಮ್ಮ ದೇವರ ಕಪಾಟು ಮುಚ್ಚಿದಳು. ಮೂರನೆಯ ದಿನ ಮಧ್ಯಾಹ್ನ ಅಪ್ಪಯ್ಯ ಟಾರ್ಪಾಲು ಬಿಚ್ಚತೊಡಗಿದರು. ಉಪ್ಪುನೀರಿನ ಮೇಲೆ ಒಂದು ಗಳಿಗೆ ಕೂತು ಅಣ್ಣಯ್ಯನನ್ನು ನೆನೆದು ಬರುತ್ತೇನೆ ಎಂದರು.

"ಬಿರಡೆ ಒಳಗಿದೆಯಲ್ರೀ," ಅಂದಳು ಅಮ್ಮ. "ಹತ್ತು ದಿನ ನಾವ್ಯಾರೂ ಕಪಾಟು ಮುಟ್ಟೋ ಹಾಗಿಲ್ಲ. ಸಂಜೆ ವುಡಿನ್‌ವಿಲ್ಲಿಂದ ಶಾಂತಕ್ಕ ಊಟ ತರ್ತಾರೆ, ಅವರ ಕೈಲಿ ತೆಗೆಸ್ತೀನಿ."

"ಸಂಜೆ ಅಂದ್ರೆ ಕತ್ತಲೆ ಆಯ್ತಲ್ಲ ಮಾರಾಯ್ತಿ."

ನಾನೇ ತರುತ್ತೇನೆ ಎಂದೆ, ಇಂಗ್ಲಿಷಿನಲ್ಲಿ. ಆಗ ನಾನು ಉತ್ತರಿಸುತ್ತಿದ್ದುದೆಲ್ಲ ಇಂಗ್ಲಿಷಿನಲ್ಲೇ.

"ಬೇಡ ಹೆಣ್ಣೇ. ಅಮ್ಮನ ಮಾತು ಮೀರ್ಬೇಡ." ಅಪ್ಪಯ್ಯ ಕಟ್ಟಿಗೆ ರಾಶಿಯಿಂದ ಒಂದು ತುಂಡು ಆರಿಸಿ ಚಾಕುವಿನಿಂದ ಕೆತ್ತಿ, ಬಟ್ಟೆ ಸುತ್ತಿ ತೂತಿಗೆ ಬಡಿದರು. "ಅಣ್ಣಯ್ಯನ ದೋಣಿಗೆ ಹಿತ್ತಾಳೆ ಎಲ್ಲಿತ್ತು? ನೀರು ಕುಡಿದ್ರೆ ಮರ ತಾನೇ ಬಿಗಿಯಾಗ್ತದೆ." ಅಮ್ಮನಿಗೆ ಸಮಾಧಾನವಾಯಿತು. ನನಗೂ ಆಯಿತು. ದೇವರ ಕಪಾಟು ನಾವು ನಿಂತಲ್ಲಿಂದ ಹತ್ತು ಹೆಜ್ಜೆ ದೂರವಿತ್ತು.

ಅಮ್ಮ ಮನೆಯಲ್ಲೇ ಉಳಿದಳು. ಕಡಲ ದಡದಲ್ಲಿ ದೋಣಿ ಇಳಿಸುವ ಇಳಿಜಾರಿನಲ್ಲಿ ನಾನು ಹಗ್ಗ ಹಿಡಿದು ನಿಂತಿದ್ದೆ; ಅಪ್ಪಯ್ಯ ಬಿಡು ಎಂದಾಗ ಬಿಟ್ಟೆ. ಅಲೆ ಇರಲಿಲ್ಲ. ನೀರು ಆಕಾಶದಷ್ಟೇ ಬೂದು. ಸ್ವಲ್ಪ ದೂರದಲ್ಲಿ ಎಂಜಿನ್ ನಿಂತಿತು; ತಾವೇ ನಿಲ್ಲಿಸಿದರು ಎಂದುಕೊಂಡೆ. ಅವರು ನನಗೆ ಬೆನ್ನು ಮಾಡಿ ಬಹಳ ಹೊತ್ತು ಕೂತಿದ್ದರು. ಆಮೇಲೆ ಎದ್ದು ನಿಂತು ಎರಡೂ ಕೈ ತಲೆಯ ಮೇಲೆತ್ತಿದರು. ದೊಡ್ಡಪ್ಪನಿಗೆ ಕೈ ಮುಗಿಯುತ್ತಿದ್ದಾರೆ ಎಂದುಕೊಂಡು ನಾನೂ ಕೈ ಮುಗಿದೆ. ಕಣ್ಣು ಮುಚ್ಚಿದೆ. ತೆರೆದಾಗ ದೋಣಿಯ ಮೂತಿ ಮಾತ್ರ ನೀರಿನ ಮೇಲಿತ್ತು, ಓರೆಯಾಗಿ, ನಮ್ಮ ಅಂಗಳದಲ್ಲಿ ಚಳಿಗಾಲವಿಡೀ ನಿಂತಿರುತ್ತಿದ್ದ ಹಾಗೆಯೇ. ನಾಯಿ ಅಡ್ಡಾಡಿಸುತ್ತಿದ್ದ ಹೆಂಗಸೊಬ್ಬರು ಸಹಾಯಕ್ಕೆ ಫೋನ್ ಮಾಡಿದರು. ಅಪ್ಪಯ್ಯ ಲೈಫ್ ಜಾಕೆಟ್ ತೊಟ್ಟಿದ್ದರು. ಮೈ ಮರಗಟ್ಟಿಸುವ ಆ ನೀರಿಗೆ ಅದು ಸಾಕಾಗಲಿಲ್ಲ. ದೋಣಿಯನ್ನು ಎಳೆದು ತಂದಾಗ ಹಿಂದಿನ ತೂತು ಬರಿದಾಗಿತ್ತು.

ಮನೆಗೆ ಬಂದಾಗ ಶಾಂತಕ್ಕ ಅನ್ನ ಸಾರಿನ ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಒಂದು ಸೂತಕದ ಮೇಲೆ ಇನ್ನೊಂದು ಬಂತು. ಕಪಾಟು ಇನ್ನಷ್ಟು ದಿನ ಮುಚ್ಚಿಯೇ ಇತ್ತು. ಶುದ್ಧವಾದ ದಿನ ಅಮ್ಮ ಬಾಗಿಲು ತೆರೆದಳು. ಒಣಗಿದ ಒಂದು ಸೇವಂತಿಗೆಯ ಪಕ್ಕ ಬಿರಡೆ ಕುಂಕುಮ ಹಚ್ಚಿಕೊಂಡು, ನಾನಿಟ್ಟಲ್ಲೇ ಇತ್ತು. ಅಮ್ಮ ಅದನ್ನು ನೋಡಿದಳು, ನನ್ನನ್ನು ನೋಡಲಿಲ್ಲ. ಗರಾಜಿನಿಂದ ಅಪ್ಪಯ್ಯನ ಸ್ಕ್ರೂಡ್ರೈವರ್ ತಂದು, ಒಂದೊಂದೇ ಸ್ಕ್ರೂ ಬಿಚ್ಚಿ, ಕಪಾಟಿನ ಎರಡೂ ಬಾಗಿಲುಗಳನ್ನು ಕಳಚಿ ಗೋಡೆಗೆ ಒರಗಿಸಿದಳು.

ಲಿನ್‌ವುಡ್‌ನ ಆ ಮನೆ ಈಗ ಬೇರೆಯವರದು. ಅಮ್ಮ ನನ್ನ ಜೊತೆಗಿದ್ದಾಳೆ. ಅವಳೊಂದಿಗೆ ಕಪಾಟೂ ಬಂದಿದೆ, ಬಾಗಿಲಿಲ್ಲದೆ. ಆ ಮಧ್ಯಾಹ್ನದ ಬಗ್ಗೆ ನಾವಿಬ್ಬರೂ ಈವರೆಗೆ ಮಾತಾಡಿಲ್ಲ. ವಿನೆಗರ್ ವಾಸನೆ ಬಂದ ದಿನ ನಾನು ಬಿರಡೆ ತೆಗೆದು ತೊಳೆದು ಒರೆಸುತ್ತೇನೆ. ಅಮ್ಮ ಕುಂಕುಮದ ಬಟ್ಟಲು ಹಿಡಿದು, ನಾನು ಬಿರಡೆಗೆ ಕುಂಕುಮ ಇಟ್ಟು ಮುಗಿಸುವ ತನಕ, ಪಕ್ಕದಲ್ಲೇ ನಿಂತಿರುತ್ತಾಳೆ.