ಎದ್ದು ನಿಂತರೆ ಮಾತಾಡಬೇಕಾದ ಮನೆ

ಕಳೆದ ಭಾನುವಾರ ನಾನು ನಲವತ್ತು ಜನರ ನಡುವೆ ಎದ್ದು ನಿಂತೆ. ಹೌದು, ನಾನೇ! ನೆಂಟರು ಬಂದರೆ ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲುವ ನಿಮ್ಮ ಅಜ್ಜಿ.

ನಾರ್ತ್‌ರಿಜ್‌ನಲ್ಲಿ ಕಾಲೇಜು ಓದುವ ನಿಮ್ಮ ಅದಿತಿಅಕ್ಕನಿಗೆ ಹಳೆಯ ಕಟ್ಟಡವೊಂದರ ಇತಿಹಾಸ ಬರೆಯುವ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಅವಳು ಆರಿಸಿಕೊಂಡದ್ದು ಲಾಸ್ ಏಂಜಲೀಸಿನ ಒಂದು ಕ್ವೇಕರ್ ಪ್ರಾರ್ಥನಾ ಮನೆ. (ಕ್ವೇಕರ್ ಅಂದರೆ ಕ್ರೈಸ್ತರಲ್ಲೇ ಒಂದು ಪಂಗಡ.) ನಾನಿರುವ ಸ್ಕ್ರಿಪ್ಸ್ ರ್ಯಾಂಚ್‌ನಿಂದ ವೀಕೆಂಡಿಗೆಂದು ಅವಳ ಬಳಿ ಹೋಗಿದ್ದ ನನ್ನನ್ನೂ ಕರೆದುಕೊಂಡು ಹೋದಳು.

"ಅಜ್ಜಿ, ಜಸ್ಟ್ ಸಿಟ್. ನೋ ಟಾಕಿಂಗ್, ಓಕೆ?"

ಸುಮ್ಮನೆ ಕೂರುವುದರಲ್ಲಿ ನನ್ನನ್ನು ಮೀರಿಸುವವರು ಯಾರು?

ನೂರು ವರ್ಷಕ್ಕೂ ಹಳೆಯ ಮರದ ಮನೆ. ಪೂಜಾರಿಯಿಲ್ಲ, ವೇದಿಕೆಯಿಲ್ಲ, ಹಾಡೂ ಇಲ್ಲ. ಎದುರುಬದುರು ಬೆಂಚುಗಳು, ಅಷ್ಟೇ. ಅಲ್ಲಿನ ಹಿರಿಯಾಕೆ ರೂತ್ ಹೇಳಿದ್ದನ್ನು ಅದಿತಿ ನನಗೆ ತಿಳಿಸಿದಳು. ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನಿ ಮೂಲದ ನೆರೆಯವರನ್ನು ಸರ್ಕಾರ ಶಿಬಿರಗಳಿಗೆ ಸಾಗಿಸಿತಂತೆ. ಕ್ವೇಕರರು ಅವರ ಪೆಟ್ಟಿಗೆಗಳನ್ನೆಲ್ಲ ಈ ಹಾಲ್‌ನಲ್ಲಿಟ್ಟು ಕಾದು, ಮರಳಿ ಬಂದವರಿಗೆ ಬೀಗ ಮುಟ್ಟದೆ ಒಪ್ಪಿಸಿದರಂತೆ. ಇನ್ನೊಂದು ಸಂಗತಿ: ಇಲ್ಲಿ ಮೊದಲ ದಿನದಿಂದಲೂ ಹೆಂಗಸರು ಮಾತಾಡಬಹುದಿತ್ತು. ಎಲ್ಲರೂ ಒಂದು ಗಂಟೆ ಮೌನವಾಗಿ ಕೂರುತ್ತಾರೆ. ಏನಾದರೂ ಹೇಳಬೇಕೆನಿಸಿದವರು ಎದ್ದು ನಿಲ್ಲುತ್ತಾರೆ.

ಮೌನ ಶುರುವಾಯಿತು. ಸ್ವಲ್ಪ ಹೊತ್ತಿಗೆ ಕೋಲೂರಿಕೊಂಡು ಒಬ್ಬ ಮುದುಕರು ತಡವಾಗಿ ಒಳಗೆ ಬಂದರು. ಹಿರಿಯರು ಬಂದರೆ ಏಳಬೇಕು, ಅಲ್ಲವೇ? ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಅದನ್ನೇ ಅಲ್ಲವೇ ಕಲಿತದ್ದು? ತಟ್ಟನೆ ಎದ್ದುಬಿಟ್ಟೆ.

ಅವರು ಕುಳಿತರು. ನಾನು ನಿಂತೇ ಇದ್ದೆ. ಎಲ್ಲರೂ ತಲೆತಗ್ಗಿಸಿ ಕಾಯತೊಡಗಿದರು. ನನ್ನ ಮಾತಿಗೆ!

ಇನ್ನೇನು ಕುಳಿತುಬಿಡಬೇಕು, ನಿಮ್ಮಜ್ಜನ ನೆನಪಾಯಿತು. ಕೋವಿಡ್‌ನಲ್ಲಿ ಅವರು ಹುಬ್ಬಳ್ಳಿಯಲ್ಲಿ ತೀರಿಹೋದಾಗ ನಾನು ಇಲ್ಲಿದ್ದೆ. ಝೂಮ್‌ನಲ್ಲಿ ಎಲ್ಲರೂ ಅವರ ಬಗ್ಗೆ ಮಾತಾಡಿದರು. ನನ್ನ ಸರದಿ ಬಂದಾಗ ನಾನು ಮ್ಯೂಟ್ ತೆಗೆಯಲೇ ಇಲ್ಲ. ಆ ಮಾತು ಅಂದಿನಿಂದ ಒಳಗೇ ಉಳಿದಿತ್ತು. ಇವತ್ತೂ ಕೂತರೆ ಇನ್ನೆಂದು ಏಳುವುದು?

"ನಮ್ಮ ಮನ್ಯಾವ್ರು ದಿನಾ ನನಗಿಂತ ಮೊದಲ ಎದ್ದು ಚಹಾ ಮಾಡಿಕೊಡತಿದ್ರು" ಅಂದೆ, ಕನ್ನಡದಲ್ಲೇ. "ಯಾರಿಗೂ ಹೇಳಬ್ಯಾಡ, ನಗ್ತಾರ ಅಂತಿದ್ರು. ನಲವತ್ತು ವರ್ಷ ಹೇಳಲಿಲ್ಲ. ಇವತ್ತ ಹೇಳಿಬಿಟ್ಟೆ."

ಕುಳಿತೆ. ಯಾರೂ ನಗಲಿಲ್ಲ.

ಹೊರಗೆ ರೂತ್ ನನ್ನ ಕೈ ಹಿಡಿದು, "ಐ ಡಿಡಂಟ್ ಅಂಡರ್‌ಸ್ಟ್ಯಾಂಡ್ ಎ ವರ್ಡ್. ಥ್ಯಾಂಕ್ ಯೂ" ಎಂದರು. ಅರ್ಥವಾದದ್ದು ಅದಿತಿಗೆ ಮಾತ್ರ. ಕಾರಿನಲ್ಲಿ ಕೂತವಳೇ ಶುರು ಮಾಡಿದಳು.

"ಅಜ್ಜ ಮೇಡ್ ದ ಟೀ? ಎವ್ರಿ ಡೇ? ಸೀರಿಯಸ್ಲಿ?"

"ಹೂಂ. ಶುಂಠಿ ಜಾಸ್ತಿ ಹಾಕತಿದ್ರು. ಈಗರೆ ಕನ್ನಡದಾಗ ಕೇಳವಾ."

ಆ ಮನೆಯಲ್ಲಿ ಯಾರು ಏನು ಹೇಳಿದರೆಂದು ಬರೆದಿಡುವ ಪದ್ಧತಿಯಿಲ್ಲವಂತೆ. ಅದಕ್ಕೇ ನಾನು ಇಲ್ಲಿ ಬರೆದಿಟ್ಟೆ. ಮೊಮ್ಮಕ್ಕಳೇ, ನಿಮ್ಮಜ್ಜನ ಗುಟ್ಟು ಗೊತ್ತಾಯಿತಲ್ಲ, ನಾಳೆ ಬೆಳಿಗ್ಗೆ ನಿಮ್ಮ ಮನೆಯಲ್ಲಿ ಮೊದಲು ಏಳುವವರು ಯಾರು?