ಸತ್ತವರ ಹಬ್ಬಕ್ಕೆ ಬೇಡವಾದ ಫೋಟೋ

ನಿಂಬೆಹಣ್ಣು ಹಿಂಡಿ ಹಿಂಡಿ ಅಂಕಲ್‌ರ ಬಲಗೈ ಹೆಬ್ಬೆರಳಿನ ಚರ್ಮ ಸದಾ ಬಿಳಿಚಿಕೊಂಡು ಸುಲಿದಿರುತ್ತಿತ್ತು. ಉಪ್ಪು ತಗಲಿದರೆ ಉರಿ. ಅಡುಗೆಯವರ ಕೈಗೆ ಉಪ್ಪು ತಗಲದೆ ಇರುತ್ತದೆಯೇ? "ಗ್ಲವ್ಸ್ ಕೇಳಿ ಅಂಕಲ್, ಅದು ನಿಮ್ಮ ಹಕ್ಕು" ಎಂದು ನಾನು ರೇಗಿದರೆ, "ಗ್ಲವ್ಸ್ ಉಂಟು ಮಾರಾಯ. ಹಾಕಿದ್ರೆ ಹಣ್ಣು ಎಷ್ಟು ಮೆತ್ತಗೆ ಅಂತ ಗೊತ್ತಾಗುದಿಲ್ಲ" ಎನ್ನುತ್ತಿದ್ದರು. ಅವರೆದುರು ನಾನು ಸೋತದ್ದೆಲ್ಲ ಹೀಗೆಯೇ.

ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಒಂದು ಫ್ಲ್ಯಾಟಿನಲ್ಲಿ ನಮ್ಮದು ಬೆಡ್‌ಸ್ಪೇಸ್, ಅಂದರೆ ಬಾಡಿಗೆಗೆ ತಲಾ ಒಂದು ಮಂಚದಷ್ಟೇ ಜಾಗ. ಕೆಳಗಿನ ಮಂಚ ಅವರದು, ಮೇಲಿನದು ನನ್ನದು. ಅವರು ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು. ಹತ್ತಿರದ ಹೋಟೆಲೊಂದರ ಬ್ರೂವರಿಯಲ್ಲಿ, ಅಂದರೆ ಬಿಯರನ್ನು ಅಲ್ಲೇ ತಯಾರಿಸಿ ಅಲ್ಲೇ ಕುಡಿಸುವ ಜಾಗದಲ್ಲಿ, ಅಡುಗೆಯವರು. ನಾನು ಮೈಸೂರಿನವನು, ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದು ಬೀಗಿದವನು. ಅಂಕಲ್ ನನ್ನನ್ನು 'ವಕೀಲ್ರೇ' ಎಂದು ಛೇಡಿಸುವರು. ಚರ್ಚಿಗೆ ಹೋಗುವುದು ಏಕೆ ವ್ಯರ್ಥ ಎಂದು ಇಪ್ಪತ್ತು ನಿಮಿಷ ಸಾಧಿಸಿದರೆ ಪೂರ್ತಿ ಕೇಳಿ, "ಮುಗೀತಾ? ಗಂಜಿ ಆರ್ತಾ ಉಂಟು" ಎನ್ನುವರು. ನನಗೆ ಟೈಫಾಯಿಡ್ ಆದಾಗ ಹನ್ನೆರಡು ದಿನ ಆ ಗಂಜಿಯೇ ನನ್ನನ್ನು ಉಳಿಸಿದ್ದು.

ನವೆಂಬರ್ ಬಂತೆಂದರೆ ಆ ಬ್ರೂವರಿಯಲ್ಲಿ ಮೆಕ್ಸಿಕೋದ ಸತ್ತವರ ಹಬ್ಬ. ಕಾಗದದ ಬುರುಡೆಗಳು, ಚೆಂಡುಹೂ, ಅಗ್ಗದ ಬಿಯರ್, ನೌಕರರ ಮುಖಕ್ಕೆಲ್ಲ ಅಸ್ಥಿಪಂಜರದ ಬಣ್ಣ. "ಅವರದ್ದೂ ನಮ್ಮದೇ ದಿನ, ನವೆಂಬರ್ ಎರಡು. ಅವರೂ ಹೂ ಇಡ್ತಾರೆ, ಬತ್ತಿ ಹಚ್ತಾರೆ" ಎಂದು ಅಂಕಲ್‌ಗೆ ಬಹಳ ಖುಷಿ. ಅವರ ಪದ್ಧತಿಯಲ್ಲೂ ಆ ದಿನ ತೀರಿಕೊಂಡವರ ಸಮಾಧಿಗೆ ಹೋಗಬೇಕು. ಹೆಂಡತಿ ತೀರಿಕೊಂಡು ಆರು ವರ್ಷ, ಒಮ್ಮೆಯೂ ಹೋಗಲಾಗಿರಲಿಲ್ಲ. ಏಕೆಂದರೆ ಸತ್ತವರ ಹಬ್ಬಕ್ಕೆ ಗಿರಾಕಿಗಳು ಜಾಸ್ತಿ, ಆದ್ದರಿಂದ ರಜೆ ಇಲ್ಲ! ಈ ವಾಕ್ಯವನ್ನು ಒಬ್ಬ ಮನುಷ್ಯ ನಗದೆ ಹೇಗೆ ಹೇಳಿದನೋ, ಇನ್ನೊಬ್ಬ ಮನುಷ್ಯ ಬಯ್ಯದೆ ಹೇಗೆ ಕೇಳಿದನೋ, ನನಗೆ ಇಂದಿಗೂ ಅರ್ಥವಾಗಿಲ್ಲ.

ಆ ವರ್ಷ ಅವರು ಒಂದು ಉಪಾಯ ಮಾಡಿದರು. ಬ್ರೂವರಿಯ ಹಾಲ್‌ನ ಮೂಲೆಯಲ್ಲಿ ಹಬ್ಬಕ್ಕೆಂದು ಕಟ್ಟಿದ್ದ ಹೂವಿನ ಪೀಠದ ಮೇಲೆ ಹದಿನಾಲ್ಕು ಫೋಟೋಗಳಿದ್ದವು. ಅವುಗಳ ನಡುವೆ ಹೆಂಡತಿಯದೊಂದನ್ನು ಸದ್ದಿಲ್ಲದೆ ಇಟ್ಟುಬಿಟ್ಟರು. ನನ್ನನ್ನು ಕರೆಸಿ ಪಕ್ಕದ ಟೇಬಲ್ಲಿನಲ್ಲಿ ಕೂರಿಸಿದರು.

"ಏಳು ಗಂಟೆಗೆ ನನಗೆ ಐದು ನಿಮಿಷ ಬಿಡ್ತಾರೆ. ಬಂದು ಒಂದು ಪ್ರಾರ್ಥನೆ ಹೇಳ್ತೇನೆ. ಅಲ್ಲಿವರೆಗೆ ಯಾರೂ ಅದನ್ನು ಮುಟ್ಟದ ಹಾಗೆ ನೋಡ್ಕೋ. ಮಾತಾಡ್ಬೇಡ, ಆಯ್ತಾ?"

ಕೂತೆ. ಆ ಹದಿನಾಲ್ಕೂ ಫೋಟೋಗಳು ಚೌಕಟ್ಟು ಕೊಂಡಾಗ ಮಾದರಿಗೆಂದು ಒಳಗಿರುವ ನಗುಮುಖಗಳು ಎಂದು ಕಂಡೊಡನೆ ಮೈ ಉರಿಯಿತು. ಅಷ್ಟರಲ್ಲಿ ಬೆಂಗಳೂರಿನವನಾದ ಮ್ಯಾನೇಜರ್ ಬಂದ.

"ಹೆಂಗಿದೆ ಸೆಟಪ್ಪು? ಫುಲ್ ಆಥೆಂಟಿಕ್, ಅಲ್ವಾ?"

"ಇದರಲ್ಲಿ ಸತ್ತವರು ಯಾರು ಸಾರ್?"

"ಥೀಮ್ ಗುರು ಅದು. ಎಲ್ಲಾ ಸತ್ತೋರೇ ಅನ್ಕೋ."

ಅಲ್ಲಿಗೆ ಬಾಯಿ ಮುಚ್ಚಬೇಕಿತ್ತು. ಆದರೆ ನಿದರ್ಶನವಿಲ್ಲದ ವಾದ ನಿಲ್ಲುವುದಿಲ್ಲ ಎಂದು ಕಲಿತವನಲ್ಲವೇ ನಾನು? "ಇವರೆಲ್ಲ ಮಾಡೆಲ್‌ಗಳು. ನಿಮ್ಮ ಹಬ್ಬದಲ್ಲಿ ನಿಜವಾಗಿ ಸತ್ತಿರೋರು ಒಬ್ಬರೇ" ಎಂದು ಬೆರಳು ಮಾಡಿ ತೋರಿಸಿದೆ.

ಅವನ ನಗು ನಿಂತಿತು. "ಯಾರಿದು?"

"ನಿಮ್ಮ ಅಡುಗೆಯವರ ಹೆಂಡತಿ."

"ನಿಜವಾಗ್ಲೂ ಹೋಗ್ಬಿಟ್ಟಿದಾರಾ?" ಎನ್ನುತ್ತಲೇ ಫೋಟೋ ಎತ್ತಿಕೊಂಡ. "ಜನ ಎಂಜಾಯ್ ಮಾಡಕ್ಕೆ ಬರ್ತಾರಪ್ಪ. ನಿಜವಾಗಿ ಸತ್ತೋರನ್ನ ಇಟ್ರೆ ಮೂಡ್ ಹಾಳು."

ಮತ್ತೆ ನಾನು ಬಿಟ್ಟೆನೇ? ಎದ್ದು ನಿಂತು ಹರಿಹಾಯ್ದೆ. ಸತ್ತವರ ಹಬ್ಬದಲ್ಲಿ ಸತ್ತವರಿಗೇ ಜಾಗವಿಲ್ಲವೇ, ಯಾರದೋ ದುಃಖವನ್ನು ತಂದು ಬಿಯರಿನ ಜೊತೆ ನೆಂಚಿಕೊಳ್ಳಲು ಕೊಡುತ್ತೀರಾ ಎಂದೆಲ್ಲ ಕೇಳಿದೆ. ಪಕ್ಕದ ಟೇಬಲ್ಲಿನ ಕನ್ನಡದವರು ಚಪ್ಪಾಳೆಯನ್ನೂ ತಟ್ಟಿದರು. ಫೋಟೋ ಮಾತ್ರ ಮ್ಯಾನೇಜರನ ಕಂಕುಳಲ್ಲೇ ಇತ್ತು.

ಏಳಕ್ಕೆ ಅಂಕಲ್ ಬಂದರು, ಮುಖದ ತುಂಬ ಬುರುಡೆಯ ಬಣ್ಣ. ಹೆಂಡತಿ ಇದ್ದ ಜಾಗದಲ್ಲಿ ಯಾರೋ ಖಾಲಿ ಬಿಯರ್ ಮಗ್ ಇಟ್ಟಿದ್ದರು. ಮ್ಯಾನೇಜರ್ ಕೊಟ್ಟ ಫೋಟೋವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು "ಸಾರಿ ಸರ್" ಎಂದರು. ಅವನಿಗೆ!

"ನೀವ್ಯಾಕೆ ಸಾರಿ ಕೇಳ್ತೀರಿ ಅಂಕಲ್? ನ್ಯಾಯ ನಮ್ಮ ಕಡೆ ಇದೆ!"

"ಇರಬಹುದು ವಕೀಲ್ರೇ. ನಾನು ನಿನ್ನತ್ರ ಕೂತ್ಕೊಳ್ಳಿಕ್ಕೆ ಮಾತ್ರ ಹೇಳಿದ್ದು."

ಫೋಟೋವನ್ನು ಏಪ್ರನ್ನಿನೊಳಗೆ ಸೇರಿಸಿ ಒಳಗೆ ಹೋದರು. ಪ್ರಾರ್ಥನೆ ಹೇಳಲಿಲ್ಲ. ಮರುದಿನ ಎಂದಿನಂತೆ ನನಗೂ ಗಂಜಿ ಬಡಿಸಿದರು. ಒಂದು ಸಲ ಕೆನ್ನೆಗೆ ಬಾರಿಸಿದ್ದರೆ ನನಗೆ ಇಷ್ಟು ವರ್ಷ ಈ ಸಿಟ್ಟು ಇರುತ್ತಿರಲಿಲ್ಲವೇನೋ.

ಮುಂದಿನ ಬೇಸಿಗೆಯಲ್ಲಿ, ಅಡುಗೆಮನೆಯಲ್ಲಿ ನಿಂತಲ್ಲೇ ಎದೆ ಹಿಡಿದುಕೊಂಡು ಕುಸಿದರು. ದೇಹವನ್ನು ಊರಿಗೆ ಕಳುಹಿಸಿದೆವು. ಹೆಂಡತಿಯ ಬಳಿ ಅವರು ಹೋದದ್ದು ಹಾಗೆ.

ಅಕ್ಟೋಬರಿನಲ್ಲಿ ಮ್ಯಾನೇಜರ್ ಫೋನ್ ಮಾಡಿದ. "ಗುರು, ಅಂಕಲ್‌ದು ಒಂದು ಒಳ್ಳೆ ಫೋಟೋ ಕಳ್ಸು. ಈ ಸಲ ರಿಯಲ್ ಫೋಟೋಸೇ ಇಡ್ತಿದೀವಿ. ಹೋದ್ಸಲ ನೀನು ಹೇಳಿದ ಪಾಯಿಂಟ್ ಕರೆಕ್ಟು, ಗೆಸ್ಟ್‌ಗಳಿಗೆ ಕನೆಕ್ಟ್ ಆಗತ್ತೆ."

ನನ್ನ ಮೊಬೈಲಿನಲ್ಲಿ ಅವರ ಫೋಟೋ ನಲವತ್ತಾದರೂ ಇವೆ.

"ಇಲ್ಲ" ಎಂದೆ.

"ಒಂದೂ ಇಲ್ವಾ? ಒಂದೇ ರೂಮಲ್ಲಿ ಇದ್ರಲ್ಲೋ?"

ಅವನನ್ನು ಸಿಗಿದುಹಾಕುವಂಥ ಮಾತುಗಳು ಬಾಯಿತುಂಬ ಇದ್ದವು.

"ಇಲ್ಲ" ಎಂದು ಫೋನಿಟ್ಟೆ.