ಉಮಿಯ ಮುಡಿ

ಮುನಿರಾಜ ಜಗಲಿಯ ಆ ತುದಿಯಿಂದ ಈ ತುದಿಗೆ ಓಡುತ್ತಿದ್ದಾನೆ. ಅವನ ಕಾಲಿನ ಸದ್ದು ಕೇಳುತ್ತಿರುವಷ್ಟು ಹೊತ್ತು ನಾನು ಬರೆಯಬಹುದು. ಸದ್ದು ನಿಂತರೆ ಏಳಬೇಕು. ಅವನು ನಡೆಯಲು ಕಲಿತಂದಿನಿಂದ ನನ್ನ ಕಿವಿಗೆ ಇದೇ ಕೆಲಸ.

ಮದುವೆಯಾಗಿ ಮೂಡುಬಿದಿರೆಗೆ ಬಂದಾಗ ನನಗೆ ಹದಿನಾರು; ಮರುವರ್ಷ ಇವನು ಹುಟ್ಟಿದ. ಈಗ ಇವನಿಗೆ ಹದಿನಾಲ್ಕು, ಮೇಲ್ದುಟಿಯ ಮೇಲೆ ಮೀಸೆಯ ನೆರಳು ಬಂದಿದೆ. ಮಾತು ಬಂದಿಲ್ಲ. ಹಸಿವಾದರೆ ನನ್ನ ಮಣಿಕಟ್ಟು ಹಿಡಿದು ಒಲೆಯ ಬಳಿ ಒಯ್ಯುತ್ತಾನೆ; ಅವನನ್ನು ಮಾತ್ರ ಯಾರೂ ಮುಟ್ಟಬಾರದು. ಶಾಲೆಯವರು ಎರಡು ವಾರ ನೋಡಿ ವಾಪಸು ಕಳುಹಿಸಿದರು. ಮಂಗಳೂರಿನ ಡಾಕ್ಟರೊಬ್ಬರು ಮೇಜು ಬಡಿದರು, ಇವನು ತಿರುಗಲಿಲ್ಲ, "ಕಿವುಡು" ಎಂದರು. ಅಷ್ಟರಲ್ಲಿ ಹೊರಗೆ ಬಸ್ಸು ಹಾರ್ನ್ ಹೊಡೆಯಿತು, ಇವನು ಎರಡೂ ಕಿವಿ ಮುಚ್ಚಿಕೊಂಡ. "ಹಾಗಾದ್ರೆ ಬುದ್ಧಿ ಬೆಳೆದಿಲ್ಲ. ಹುಚ್ಚಿನ ದೊಡ್ಡಾಸ್ಪತ್ರೆಯಲ್ಲಿ ಬಿಟ್ಟುಬಿಡಿ ಅಮ್ಮ, ನೀವಿನ್ನೂ ಚಿಕ್ಕವರು" ಎಂದರು. ಚಿಕ್ಕವಳಾದ್ದರಿಂದ ಇವನ ಹಿಂದೆ ಓಡಬಲ್ಲೆ ಎಂದುಕೊಂಡು ಕರೆದುಕೊಂಡು ಬಂದೆ.

ಇವರು, ಮುನಿರಾಜನ ಅಪ್ಪ, ವಿಟ್ಲದ ಅಡಿಕೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ, ಶನಿವಾರದ ಬಸ್ಸಿಗೆ ಬರುತ್ತಾರೆ. ಹಾಗಾಗಿ ಈ ಫೆಬ್ರವರಿಯಲ್ಲಿ ಬೆಳುವಾಯಿ ಕಡೆ ಸಿಡುಬು ಎದ್ದಿದೆ ಎಂಬ ಸುದ್ದಿ ಬಂದಾಗ ಮನೆಯಲ್ಲಿ ನಾನೊಬ್ಬಳೇ.

ನಮಗೂ ಪಕ್ಕದ ಪದ್ಮಾಕ್ಷಿ ಅಕ್ಕನಿಗೂ ಬಾವಿ ಒಂದೇ. ಅವರ ಗಂಡ ಧರ್ಣಪ್ಪಣ್ಣನಿಗೆ ಅಕ್ಕಿ ವ್ಯಾಪಾರ. ಸುಗ್ಗಿ ಮುಗಿದ ಮೇಲೆ ಅವರ ಅಂಗಳದಲ್ಲಿ ಚನಿಯಪ್ಪ ಕೂತು ಅಕ್ಕಿಯನ್ನು ಬೈಹುಲ್ಲಿನೊಳಗೆ ತುಂಬಿ, ಹುಲ್ಲಿನ ಹಗ್ಗ ಬಿಗಿದು, ಮರದ ಕೊಡತಿಯಿಂದ ಸುತ್ತಲೂ ಬಡಿದು ಗುಂಡನೆಯ ಮುಡಿ ಕಟ್ಟುತ್ತಾನೆ. ಆ ಬಡಿತ ಶುರುವಾದರೆ ಮುನಿರಾಜ ಎಲ್ಲಿದ್ದರೂ ಅಲ್ಲಿಗೆ ಹಾಜರು. ಕಟ್ಟಿಟ್ಟ ಎರಡು ಮುಡಿಗಳ ನಡುವೆ ತೂರಿಕೊಂಡು, ಬೆನ್ನು ಒತ್ತಿ, ಕದಲದೆ ಕೂರುತ್ತಾನೆ. ದಿನದಲ್ಲಿ ಅವನು ಕೂರುವುದು ಅಷ್ಟೇ.

"ಓ, ನಮ್ಮ ಧಣಿ ಬಂದ್ರು! ಕೆಲಸ ಸರಿ ಉಂಟಾ ನೋಡಿ ಧಣಿ" ಎನ್ನುತ್ತಾನೆ ಚನಿಯಪ್ಪ.

ಸಿಡುಬಿನ ಸುದ್ದಿ ಬಂದದ್ದೇ ಪದ್ಮಾಕ್ಷಿ ಅಕ್ಕ ಬೇಲಿ ದಾಟುವ ದಣಪೆಗೆ ಅಡ್ಡ ಮುಳ್ಳು ಇಟ್ಟರು. ಇವನು ಮುಳ್ಳಿನ ಮುಂದೆ ನಿಂತು ಕೈ ಕಚ್ಚಿಕೊಂಡ, ಮಣಿಕಟ್ಟು ರಕ್ತವಾಯಿತು. ನಾನು ಬಾವಿಕಟ್ಟೆಗೆ ಹೋದೆ.

"ಕೋಪ ಮಾಡ್ಬೇಡ ಕಮಲಾ. ಅವ ಎಲ್ಲರ ತಲೆ ಮೂಸ್ತಾನೆ, ಕಂಡವರ ಮನೆಗೆ ನುಗ್ತಾನೆ. ದೇವಿ ಹಾಕಿಸದೆ, ಸಿಡುಬಿನ ಲಸಿಕೆ ಇಲ್ಲದೆ ನನ್ನ ಅಂಗಳಕ್ಕೆ ಬೇಡ."

"ನಿಮ್ಮ ಅಂಗಳಕ್ಕೆ ಬಿಡದೆ ದೇವಿ ಹಾಕಿಸ್ಲಿಕ್ಕೆ ಆಗುದಿಲ್ಲ ಅಕ್ಕ."

"ಇದೆಂತ ಮಾರಾಯ್ತಿ! ಇವ್ರು ಹಗ್ಗ ಇಟ್ಟಿದ್ದಾರೆ. ನಾಲ್ಕು ಜನ ಹಿಡಿದು ಕಟ್ಟಿದ್ರೆ ಐದು ನಿಮಿಷದ ಕೆಲಸ."

ಹಗ್ಗ ಎಂದ ಕೂಡಲೇ ನಾನು ಕೊಡಪಾನ ಕೆಳಗಿಟ್ಟೆ. ಹೋದ ವರ್ಷ ಕ್ಷೌರಕ್ಕೆಂದು ಇವನನ್ನು ಹಾಗೆಯೇ ಕಟ್ಟಿದ್ದರು, ನಾನೂ ಒಪ್ಪಿದ್ದೆ. ಆಮೇಲೆ ಒಂದು ತಿಂಗಳು ಇವನು ಮನೆಯೊಳಗೆ ಮಲಗಲಿಲ್ಲ, ನಾನು ಕೊಟ್ಟ ಅನ್ನ ಮುಟ್ಟಲಿಲ್ಲ. ನೆಲದ ಮೇಲಿಟ್ಟು ಮರೆಯಾದರೆ ಮಾತ್ರ ತಿನ್ನುತ್ತಿದ್ದ. ಇನ್ನೊಮ್ಮೆ ಕಟ್ಟಿದರೆ ನನ್ನ ಮಣಿಕಟ್ಟು ಹಿಡಿಯುವುದನ್ನೂ ಬಿಟ್ಟಾನು.

"ದೇವಿ ಹಾಕುವವರು ಬರುವವರೆಗೆ ಅವನನ್ನು ಚನಿಯಪ್ಪನ ಹತ್ತಿರ ಕೂರಲು ಬಿಡಿ. ಆ ದಿನ ಆಗದಿದ್ರೆ ಮತ್ತೆ ನಾನು ಕೇಳುದಿಲ್ಲ."

"ಆಗದಿದ್ರೆ ಹಗ್ಗ?"

"ಆಗ್ತದೆ" ಎಂದೆ.

ಅವರು ಗೊಣಗುತ್ತಲೇ ಮುಳ್ಳು ತೆಗೆದರು. ಆ ಕೆಲವು ದಿನ ನಾನೂ ಅಲ್ಲೇ ಕೂತೆ. ಕೊಡತಿ ಬಡಿಯುವಾಗ ಇವನ ತೋಳಿಗೆ ಒದ್ದೆ ಬಟ್ಟೆ ಸೋಕಿಸುವುದು, ಆಮೇಲೆ ದೇವಿ ಹಾಕುವಾಗ ಮಾಡುವ ಹಾಗೆ ಔಷಧಿ ಸೀಸೆಯ ಮುಚ್ಚಳ ಒತ್ತಿ ತಿರುಗಿಸುವುದು. ಮೊದಲ ದಿನ ಎದ್ದು ಓಡಿದ. ಮರುದಿನ ನನ್ನ ಕೈ ತಳ್ಳಿದ. ಕೊನೆಗೆ ಒಂದು ಮುಡಿ ಮುಗಿಯುವವರೆಗೆ ತಾಳಿಕೊಂಡ. ಒಲೆಯ ಮೇಲೆ ಇಟ್ಟ ಗಂಜಿ ದಿನಾ ತಳ ಹಿಡಿಯಿತು.

ದೇವಿ ಹಾಕುವವರು ಕೊಡೆ, ಚೀಲ ಹಿಡಿದು ಬಂದರು. ಧರ್ಣಪ್ಪಣ್ಣ ಹಗ್ಗ ಹಿಡಿದು ತೆಂಗಿನ ಮರದ ಬುಡದಲ್ಲಿ ನಿಂತಿದ್ದರು. ನಾನು ಹೇಳಿಕೊಟ್ಟಂತೆ ದೇವಿ ಹಾಕುವವರು ಚಪ್ಪಲಿ ಬಿಟ್ಟು, ಮಾತಾಡದೆ, ಮುಡಿಯ ಹಿಂದಿನಿಂದ ಬಂದು ಕುಕ್ಕರಗಾಲಲ್ಲಿ ಕೂತರು. ಚನಿಯಪ್ಪ ಬಡಿಯುತ್ತಿದ್ದ. ನಾನು ಒದ್ದೆ ಬಟ್ಟೆ ಸೋಕಿಸಿದೆ. ಅವರು ತೋಳಿಗೆ ಔಷಧಿಯ ಹನಿ ಇಟ್ಟು, ಅಂಚಿಗೆ ಹಲ್ಲುಗಳಿದ್ದ ಸಣ್ಣ ಬಿಲ್ಲೆ ಒತ್ತಿ ತಿರುಗಿಸಿದರು. ಮುನಿರಾಜ ಹಲ್ಲು ಕಚ್ಚಿ ಬೆನ್ನನ್ನು ಮುಡಿಗೆ ಒತ್ತಿದ. ಬಿಲ್ಲೆಯನ್ನು ಎರಡನೆಯ ಜಾಗಕ್ಕೆ ಒಯ್ಯುವಷ್ಟರಲ್ಲಿ ಬಡಿತ ನಿಂತಿತು. ಚನಿಯಪ್ಪ ಕೊಡತಿ ಎತ್ತಿ ಹಿಡಿದು ಕತ್ತು ಉದ್ದ ಮಾಡಿ ನೋಡುತ್ತಿದ್ದ!

ಮುನಿರಾಜ ನನ್ನನ್ನು ಕೆಡವಿ, ಚೀಲ ಹಾರಿ ಓಡಿಹೋದ.

"ಬಡಿಯಪ್ಪ ಅಂದ್ರೆ ನೋಡ್ತಾ ಕೂತಿದ್ದೀಯಲ್ಲ!" ಎಂದು ಕೂಗಿದೆ.

"ಅಲ್ಲ ಅಮ್ಮ, ಅವ ಕೂಗ್ಲಿಲ್ಲ ನೋಡಿ, ಅದಕ್ಕೆ ಆಶ್ಚರ್ಯ ಆಯ್ತು."

"ನಮ್ಮ ಮಕ್ಕಳಿಗೆ ಎರಡು ಹಾಕಿದ್ದಾರೆ, ಇವನಿಗೆ ಒಂದೇ ಆಯ್ತು" ಎಂದರು ಪದ್ಮಾಕ್ಷಿ ಅಕ್ಕ. ಧರ್ಣಪ್ಪಣ್ಣ ಕಟ್ಟಲೆಂದು ಹಗ್ಗದ ಸುರುಳಿ ಬಿಚ್ಚತೊಡಗಿದರು.

ದೇವಿ ಹಾಕುವವರು ಚೀಲದ ಮಣ್ಣು ಒರೆಸಿಕೊಂಡರು. "ಒಂದರಲ್ಲಿ ಗುಳ್ಳೆ ಎದ್ರೆ ಸಾಕು. ಮುಂದಿನ ವಾರ ಬಂದು ನೋಡ್ತೇನೆ. ಹಗ್ಗ ಬಾವಿಗೆ ಹಾಕಿ ಮಾರಾಯ್ರೆ."

ಆ ವಾರ ನಾನು ಸರಿಯಾಗಿ ಕೂತದ್ದೂ ಇಲ್ಲ, ಮಲಗಿದ್ದೂ ಇಲ್ಲ. ತೋಳು ಕೆಂಪಾಯಿತು, ಜ್ವರ ಬಂತು, ಇವನ ಉಗುರು ಅಲ್ಲಿಗೇ ಹೋಗುತ್ತಿತ್ತು. ಕೈಗೆ ತಿರುಗಿಸಲು ತಟ್ಟೆ ಕೊಟ್ಟೆ, ಸರಪಳಿ ಕೊಟ್ಟೆ, ಇವರ ಹಳೆಯ ಬೀಗ ಕೊಟ್ಟೆ. ಬೀಗ ಬಾವಿಗೆ ಬಿತ್ತು.

ಅವರು ಮತ್ತೆ ಬಂದಾಗ ಇವನು ಮುಡಿಗಳ ನಡುವೆ ಕೂತಿದ್ದ. ದೂರದಿಂದಲೇ ಬಗ್ಗಿ ನೋಡಿದರು. "ಎದ್ದಿದೆ. ಚೆನ್ನಾಗಿ ಎದ್ದಿದೆ ಅಮ್ಮ."

ಪದ್ಮಾಕ್ಷಿ ಅಕ್ಕನೂ ಬಗ್ಗಿ ನೋಡಿ, "ಬರ್ಲಿ ಬಿಡು. ಆದ್ರೆ ಮುಡಿಯ ಹುಲ್ಲು ಕೀಳ್ತಾನೆ ನೋಡು, ಅಕ್ಕಿ ಚೆಲ್ತದೆ, ಅದು ಆಗ್ಲಿಕ್ಕಿಲ್ಲ" ಎಂದರು. ಅವರು ಹೇಳಿದ್ದು ಸರಿಯೇ.

ಚನಿಯಪ್ಪನ ಕೆಲಸ ಇನ್ನು ಸ್ವಲ್ಪ ದಿನ. ಆಮೇಲೆ ಮುಡಿಗಳು ಗಾಡಿ ಹತ್ತುತ್ತವೆ, ಅಂಗಳ ಖಾಲಿ. ಇದು ತಲೆಗೆ ಬಂದದ್ದೇ ಅಕ್ಕಿ ಮಿಲ್ಲಿನಿಂದ ಭತ್ತದ ಉಮಿ ತರಿಸಿ, ಇದನ್ನು ತುಂಬಿ ನನಗೂ ಒಂದು ಮುಡಿ ಕಟ್ಟಿಕೊಡು ಎಂದು ಚನಿಯಪ್ಪನಿಗೆ ಹೇಳಿದೆ.

"ಉಮಿಗೆ ಮುಡಿಯಾ? ಜನ ನನ್ನನ್ನೇ ದೊಡ್ಡಾಸ್ಪತ್ರೆಗೆ ಕಳಿಸ್ತಾರೆ ಅಮ್ಮ" ಎಂದು ನಕ್ಕ. ಆದರೆ ಅಕ್ಕಿಯದ್ದಕ್ಕಿಂತ ಬಿಗಿಯಾಗಿ ಕಟ್ಟಿದ. ನಿನ್ನೆ ಸಂಜೆ ಹೊತ್ತು ತಂದು ಜಗಲಿಯ ಮೂಲೆಯಲ್ಲಿ ಇಟ್ಟುಹೋದ. ಮುನಿರಾಜ ಅದನ್ನು ಮೂಸಿ ನೋಡಿ, ಬಿಟ್ಟು, ಮತ್ತೆ ಓಡತೊಡಗಿದ. ಇವತ್ತು ಬೆಳಗಿನಿಂದಲೂ ಓಡುತ್ತಲೇ ಇದ್ದಾನೆ. ಬಡಿತವಿಲ್ಲದೆ ಬರೀ ಮುಡಿ ಅವನಿಗೆ ಬೇಡವೋ ಏನೋ. ಕೊಡತಿಯನ್ನೂ ಕೇಳಿ ಇಸಿದುಕೊಳ್ಳಬೇಕು.

ಸದ್ದು ನಿಂತಿತು.

ಎದ್ದು ಹೋಗಿ ನೋಡಿ ಬಂದೆ. ಗೋಡೆಗೂ ಮುಡಿಗೂ ನಡುವೆ ತೂರಿಕೊಂಡಿದ್ದಾನೆ. ಕೂತಿದ್ದಾನೆ. ಒಂದೊಂದೇ ಹುಲ್ಲು ಕೀಳುತ್ತಿದ್ದಾನೆ.

ಕೀಳಲಿ. ಇದು ನಮ್ಮದೇ ಮುಡಿ.